ಒಲೆಗೂ ಉಸಿರು ಬೇಕು

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ತಾಲ್ಲೂಕುಗಳ ರೈತರಿಗೆ ತೆಂಗಿನ ಗರಿ, ಮಟ್ಟೆ, ಕರಟ, ತೊಗರಿಕಡ್ಡಿ, ಹತ್ತಿಕಡ್ಡಿ ಎಲ್ಲವೂ ಸೌದೆಯೇ. ಮನೆಗೆ ಅಡುಗೆ ಅನಿಲ ಬಂದ ಮೇಲೂ ನೀರು ಕಾಯಿಸಲು, ಅಡಿಕೆ ಬೇಯಿಸಲು, ಚಳಿಗಾಲದಲ್ಲಿ ರೇಷ್ಮೆಹುಳುವಿನ ಮನೆಯನ್ನು ಬೆಚ್ಚಗಿಡಲು ಬೆಂಕಿ ಬೇಕೇ ಬೇಕು. ಈ ಬೆಂಕಿಗೆ ಗಾಳಿ ಸಾಲದೆ ಹೋದರೆ ಸೌದೆ ನಷ್ಟ. ಒಮ್ಮೊಮ್ಮೆ ಪ್ರಾಣವೂ ನಷ್ಟ.

ಅರೆಬರೆ ಉರಿದರೆ ಆಗುವುದೇನು?

ಸೌದೆಯಲ್ಲಿರುವ ಇಂಗಾಲಕ್ಕೆ ಸಾಕಷ್ಟು ಆಮ್ಲಜನಕ ದೊರೆತರೆ ಅದು ಇಂಗಾಲದ ಡೈಆಕ್ಸೈಡ್ ಆಗುತ್ತದೆ. ಗಾಳಿ ಕಡಿಮೆಯಾದರೆ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲವೂ ಮಸಿಯೂ ಹುಟ್ಟುತ್ತವೆ. ಜಂತೆಗೆ ಕಟ್ಟುವ ಇಲ್ಲಣವೆಂದರೆ ಪೂರ್ತಿ ಉರಿಯದೆ ಹೋದ ಸೌದೆಯೇ. ಒಂದು ಕಿಲೋ ಇಂಗಾಲ ಪೂರ್ತಿ ಉರಿದರೆ ಸುಮಾರು 7,800 ಕಿಲೋಕ್ಯಾಲೊರಿ ಶಾಖ ಸಿಗುತ್ತದೆ; ಮಾನಾಕ್ಸೈಡ್ ಆಗಿ ಹೊರಟುಹೋದರೆ ಸುಮಾರು 2,200 ಮಾತ್ರ.

ಒಲೆಯ ಬಾಯಿಗೆ ಸೌದೆ ತುರುಕುವುದು, ಹಸಿ ಸೌದೆ ಹಾಕುವುದು, ಬೂದಿ ತೆಗೆಯದಿರುವುದು, ಮಳೆಗೆಂದು ಅಡಿಕೆ ಬೇಯಿಸುವ ಚಪ್ಪರದ ಸುತ್ತ ಟಾರ್ಪಾಲು ಬಿಗಿಯುವುದು – ಇವೆಲ್ಲ ಬೆಂಕಿಯ ಉಸಿರು ಕಟ್ಟಿಸುವ ಕೆಲಸಗಳು. ಇಂಥ ಹೊಗೆಯನ್ನು ದಿನವೂ ಕುಡಿಯುವ ಹೆಂಗಸರು ಮಕ್ಕಳಿಗೆ ಕಣ್ಣುರಿ, ಕೆಮ್ಮು, ಶ್ವಾಸಕೋಶದ ಕಾಯಿಲೆ ತಪ್ಪಿದ್ದಲ್ಲ.

ಹೊಗೆಯಿಲ್ಲದ ವಿಷ

ಹೊಗೆ ಕಾಣದಿದ್ದರೆ ಅಪಾಯವಿಲ್ಲವೆಂದು ತಿಳಿಯಬಾರದು. ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಅದು ರಕ್ತದ ಹಿಮೋಗ್ಲೋಬಿನ್ನಿಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಳ್ಳುತ್ತದೆ. ಮೊದಲು ತಲೆನೋವು, ತಲೆಸುತ್ತು, ವಾಕರಿಕೆ. ಬಳಿಕ ಪ್ರಜ್ಞೆ ತಪ್ಪುತ್ತದೆ. ನಿದ್ದೆಯಲ್ಲಿರುವವರಿಗೆ ಈ ಸೂಚನೆಯೂ ತಿಳಿಯದು.

ಚಾಕಿ ಹುಳುಗಳಿಗೆ 26ರಿಂದ 28 ಡಿಗ್ರಿ ಸೆಲ್ಸಿಯಸ್ ಶಾಖ ಬೇಕೆಂದು ಇದ್ದಿಲ ಒಲೆಯಿಟ್ಟು, ಬಾಗಿಲು ಕಿಟಕಿ ಮುಚ್ಚಿ ಅಲ್ಲೇ ಮಲಗುವುದು ಅತ್ಯಂತ ಅಪಾಯಕರ. ಬೂದಿ ಮುಚ್ಚಿದ ಕೆಂಡವೂ ಈ ಅನಿಲವನ್ನು ಬಿಡುತ್ತಲೇ ಇರುತ್ತದೆ. ತೇವಕ್ಕೆಂದು ಇಟ್ಟ ನೀರು ಇದನ್ನು ಹೀರಲಾರದು. ಕೆಟ್ಟ ಗಾಳಿ ಹುಳುಗಳಿಗೂ ಒಗ್ಗದು.

ಮಾಡಬೇಕಾದುದೇನು?

1. ಸೌದೆಯನ್ನು ಸೀಳಿ, ಚೆನ್ನಾಗಿ ಒಣಗಿಸಿ, ಸ್ವಲ್ಪ ಸ್ವಲ್ಪವೇ ಹಾಕಿರಿ.

2. ಒಲೆಯ ತಳದಲ್ಲಿ ಜಾಲರಿ ಇರಲಿ. ಬೂದಿಯನ್ನು ದಿನವೂ ತೆಗೆಯಿರಿ.

3. ಹೊಗೆಕೊಳವೆಯನ್ನು ಚಾವಣಿಗಿಂತ ಮೇಲಕ್ಕೆ ಒಯ್ದು, ಮಸಿ ಕಟ್ಟದಂತೆ ಆಗಾಗ ಶುಚಿಮಾಡಿರಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ 'ಅಸ್ತ್ರ' ಕೇಂದ್ರವು 1980ರ ದಶಕದಲ್ಲಿ ಹಳ್ಳಿಗಳಿಗೆ ನೀಡಿದ ಅಸ್ತ್ರ ಒಲೆಯ ಗುಟ್ಟೂ ಜಾಲರಿ ಮತ್ತು ಹೊಗೆಕೊಳವೆಗಳೇ.

4. ಗಾಳಿ ಒಳಬರಲು ಕೆಳಗೆ, ಹೊಗೆ ಹೊರಹೋಗಲು ಮೇಲೆ ಗವಾಕ್ಷಿ ಇರಲಿ.

5. ಹುಳುಮನೆಗೆ ವಿದ್ಯುತ್ ಹೀಟರ್ ಲೇಸು. ಕೆಂಡವಿರುವ ಕೋಣೆಯಲ್ಲಿ ಯಾರೂ ಮಲಗಕೂಡದು.

ಯಾರಾದರೂ ಬಿದ್ದಿದ್ದರೆ ಬಾಗಿಲು ಕಿಟಕಿಗಳನ್ನು ಹೊರಗಿನಿಂದಲೇ ತೆರೆದು ಗಾಳಿಯಾಡಲು ಬಿಡಿರಿ. ಬಳಿಕ ಅವರನ್ನು ಬಯಲಿಗೆ ತಂದು, ಉಡುಪು ಸಡಿಲಿಸಿ, 108ಕ್ಕೆ ಕರೆಮಾಡಿರಿ. ಉಸಿರು ನಿಂತಿದ್ದರೆ, ತಿಳಿದವರು ಕೂಡಲೇ ಕೃತಕ ಉಸಿರಾಟ ಕೊಡಬೇಕು. ಎಚ್ಚರವಾದರೂ ವೈದ್ಯರಿಗೆ ತೋರಿಸದೆ ಬಿಡಬಾರದು.

ಒಲೆಗೆ ಗಾಳಿ ಕೊಡಲು ಬೇಕಾದುದು ಒಂದು ಜಾಲರಿ, ಒಂದು ಕೊಳವೆ, ಎರಡು ಗವಾಕ್ಷಿ. ಈ ಹಿಂಗಾರಿನ ಚಳಿಗೆ ಮೊದಲೇ ಇವನ್ನು ಮಾಡಿಸಿಕೊಳ್ಳುವುದು ಜಾಣತನ.