ಸದರಿ, ಸದರಿ: ಜೋಡಿಸಿದ ಪಟ್ಟಿಗಳನ್ನು ಓದಲು ಬರುವಂತೆ ಮುದ್ರಿಸುವ ಬಗೆ

ವಿದ್ಯಾಸಂಸ್ಥೆಯೊಂದು ಬೆಳೆದಂತೆಲ್ಲ ಅದರ ದಫ್ತರವೂ ಬೆಳೆಯುತ್ತದೆ. ದಾಖಲಾತಿ ಪುಸ್ತಕ, ಹಾಜರಿ ಪುಸ್ತಕ, ದಾನಿಗಳ ಖಾತೆ, ರಸೀತಿ ಕಟ್ಟು ಇವೆಲ್ಲ ಒಂದು ಕಾಲಕ್ಕೆ ಗುಮಾಸ್ತರ ಬೀರುವಿನಲ್ಲಿದ್ದವು. ಈಗ ಗಣಕಯಂತ್ರದ ಒಡಲನ್ನು ಸೇರಿವೆ. ಸ್ಮರಣ ಸಂಚಿಕೆಗಾಗಿ ದಾನಿಗಳ ಪಟ್ಟಿಯನ್ನು ಹೊರತೆಗೆದಾಗ ಮಾತ್ರ ಒಂದು ವೈಚಿತ್ರ್ಯ ಕಣ್ಣಿಗೆ ಬೀಳುತ್ತದೆ. ಮೂರು ಸಲ ಕಾಣಿಕೆ ಸಲ್ಲಿಸಿದ ಮಹನೀಯರ ಹೆಸರು, ತಂದೆಯ ಹೆಸರು, ವಿಳಾಸಗಳೆಲ್ಲ ಮೂರು ಸಲ ಅಚ್ಚಾಗಿ ಬಂದಿರುತ್ತವೆ. ಓದಿದವರಿಗೆ ದಾನಿಗಳು ಮೂವರೆಂಬ ಭ್ರಮೆ. ಇದನ್ನು ಅವಸರದಿಂದ ತಿದ್ದಹೊರಟವರು ಒಮ್ಮೊಮ್ಮೆ ನಿಜವಾದ ದಾನಿಯೊಬ್ಬರನ್ನೇ ಪಟ್ಟಿಯಿಂದ ಅಳಿಸಿಬಿಡುವುದೂ ಉಂಟು. ಆದುದರಿಂದ ಈ ಪುನರುಕ್ತಿ ಎಲ್ಲಿಂದ ಬರುತ್ತದೆ, ಅದನ್ನು ಹೇಗೆ ಮರೆಮಾಡಬೇಕು ಎಂಬುದನ್ನು ಅರಿಯುವುದು ಯುಕ್ತ.

ಮಾಹಿತಿಯನ್ನು ಕೋಷ್ಟಕಗಳಲ್ಲಿ ಹಂಚಿಡುವ ಇಂದಿನ ಪದ್ಧತಿಗೆ ತಳಹದಿ ಹಾಕಿದವರು ಐಬಿಎಂ ಸಂಸ್ಥೆಯಲ್ಲಿದ್ದ ಗಣಿತಜ್ಞ ಎಡ್ಗರ್ ಕಾಡ್. 1970ರಲ್ಲಿ ಪ್ರಕಟವಾದ ಅವರ ಪ್ರಬಂಧದಿಂದ ಬೆಳೆದು ಬಂದ ನೀತಿ ಸರಳವಾದದ್ದು: ಒಂದು ಸಂಗತಿಯನ್ನು ಒಂದೇ ಕಡೆ ಬರೆದಿಡಬೇಕು. ದಾನಿಯ ಹೆಸರು, ವಿಳಾಸಗಳು ದಾನಿಗಳ ಕೋಷ್ಟಕದಲ್ಲಿ ಒಮ್ಮೆ ಮಾತ್ರ ಇರುತ್ತವೆ. ರಸೀತಿಗಳ ಕೋಷ್ಟಕದಲ್ಲಿ ರಸೀತಿಯ ಸಂಖ್ಯೆ, ದಿನಾಂಕ, ಮೊಬಲಗು, ಜೊತೆಗೆ ದಾನಿಯ ಕ್ರಮಸಂಖ್ಯೆ ಇದ್ದರೆ ಸಾಕು. ವಿಳಾಸ ಬದಲಾದರೆ ಒಂದೆಡೆ ತಿದ್ದಿದರೆ ಮುಗಿಯಿತು. ಈ ಎರಡು ಕೋಷ್ಟಕಗಳನ್ನು ಕ್ರಮಸಂಖ್ಯೆಯ ಆಧಾರದಿಂದ ಕೂಡಿಸಿ ಓದುವ ಕ್ರಿಯೆಗೆ ಜಾಯಿನ್ ಎಂದು ಹೆಸರು. ಕೂಡಿಸಿದಾಗ ಪ್ರತಿಯೊಂದು ರಸೀತಿಯ ಪಕ್ಕದಲ್ಲಿಯೂ ಅದರ ದಾನಿಯ ವಿವರ ಬಂದು ನಿಲ್ಲುತ್ತದೆ. ಇದು ಯಂತ್ರದ ತಪ್ಪಲ್ಲ. ಪ್ರತಿ ಸಾಲೂ ತನ್ನಷ್ಟಕ್ಕೆ ಪೂರ್ಣವಾಗಿರಬೇಕೆಂಬುದು ಆ ಪದ್ಧತಿಯ ನಿಯಮ. ಉಳಿಸಿಡುವಾಗ ನಿವಾರಿಸಿದ ಪುನರುಕ್ತಿ ಓದುವಾಗ ಮರಳಿ ತಲೆಯೆತ್ತುತ್ತದೆ, ಅಷ್ಟೆ.

ಈ ತೊಡಕು ಗಣಕಯಂತ್ರದ ಜೊತೆಯಲ್ಲಿ ಹುಟ್ಟಿದ್ದೇನೂ ಅಲ್ಲ. ನಮ್ಮ ನಾಡಿನ ಲೆಕ್ಕಪತ್ರಗಳಲ್ಲಿ ‘ಸದರಿ’ ಎಂಬ ಮಾತು ಇದ್ದುದೇ ಇದಕ್ಕಾಗಿ. ಮೇಲಿನ ಸಾಲಿನ ಹೆಸರನ್ನು ಮತ್ತೆ ಬರೆಯುವ ಬದಲು ‘ಸದರಿ’ ಎಂದೋ, ‘ಮೇಲಿನಂತೆ’ ಎಂದೋ ಬರೆದು, ಇಲ್ಲವೆ ಎರಡು ಗೀಟು ಎಳೆದು ಮುಂದೆ ಸಾಗುವುದು ರೂಢಿ. ನುರಿತ ಲೆಕ್ಕಿಗನು ಹೊಸ ಪುಟ ತೆರೆದೊಡನೆ ‘ಸದರಿ’ಯಿಂದ ಆರಂಭಿಸುವುದಿಲ್ಲ, ಹೆಸರನ್ನು ಪೂರ್ತಿಯಾಗಿ ಬರೆಯುತ್ತಾನೆ. ಹಿಂದಿನ ಹಾಳೆ ಹರಿದುಹೋದರೆ ಸದರಿ ಯಾರೆಂದು ಹೇಳುವವರು ಯಾರು? 1968ರ ಪ್ರಮಾಣಿತ ಕೋಬಾಲ್ ಭಾಷೆಯ ವರದಿ ವಿಭಾಗದಲ್ಲಿ ಗ್ರೂಪ್ ಇಂಡಿಕೇಟ್ ಎಂಬ ಒಂದು ಸೂಚನೆಯಿತ್ತು. ಗುಂಪು ಬದಲಾದಾಗ ಅಥವಾ ಪುಟ ಬದಲಾದಾಗ ಮಾತ್ರ ಈ ಅಂಕಣವನ್ನು ಮುದ್ರಿಸು, ಉಳಿದ ಸಾಲುಗಳಲ್ಲಿ ಬರಿದಾಗಿ ಬಿಡು ಎಂಬುದು ಅದರ ತಾತ್ಪರ್ಯ. ಲೆಕ್ಕಿಗನ ವಿವೇಕವೂ ಯಂತ್ರಭಾಷೆಯ ನಿಯಮವೂ ಇಲ್ಲಿ ಒಂದೇ ಆಗಿರುವುದು ಗಮನಾರ್ಹ.

ಬಿನ್ನಿಪೇಟೆಯ ನಿವಾಸಿಗಳಿಗೆ ಇದರ ಉದಾಹರಣೆ ಮನೆಬಾಗಿಲಲ್ಲಿಯೇ ದೊರೆಯುತ್ತದೆ. 1884ರಲ್ಲಿ ಸ್ಥಾಪಿತವಾದ ಬೆಂಗಳೂರು ಉಣ್ಣೆ, ಹತ್ತಿ ಮತ್ತು ರೇಷ್ಮೆ ಗಿರಣಿ ಬಿನ್ನಿ ಕಂಪನಿಯ ಆಡಳಿತಕ್ಕೆ ಸೇರಿ, ಸುತ್ತಲಿನ ವಸತಿಗೆ ತನ್ನ ಹೆಸರನ್ನೇ ಕೊಟ್ಟಿತು. ಗಿರಣಿ ಮುಚ್ಚಿ, ಅದರ ನೆಲದಲ್ಲಿ ಬಹುಮಹಡಿ ಗೃಹಸಮುಚ್ಚಯಗಳು ಎದ್ದಿವೆ. ಆದರೂ ಬೆಂಗಳೂರಿನ ಹಳೆಯ ಬಡಾವಣೆಗಳಲ್ಲಿ ವಠಾರವೆಂಬ ವ್ಯವಸ್ಥೆ ಇನ್ನೂ ಪರಿಚಿತವೇ: ಬಾಗಿಲ ಸಂಖ್ಯೆ ಒಂದು, ಒಳಗಿನ ಸಂಸಾರಗಳು ಹಲವು. 1960ರ ಮತದಾರರ ನೋಂದಣಿ ನಿಯಮಗಳ ಪ್ರಕಾರ ಮತದಾರರ ಪಟ್ಟಿಯ ಹೆಸರುಗಳು ಸಾಮಾನ್ಯವಾಗಿ ಮನೆ ಸಂಖ್ಯೆಯ ಕ್ರಮದಲ್ಲಿ ಬರಬೇಕು. 2008ರ ಕ್ಷೇತ್ರ ಪುನರ್ವಿಂಗಡಣೆಯವರೆಗೆ ಬಿನ್ನಿಪೇಟೆ ತಾನೇ ಒಂದು ವಿಧಾನಸಭಾ ಕ್ಷೇತ್ರವಾಗಿತ್ತು. ಆ ಬಳಿಕ ಪ್ರದೇಶ ಬೇರೆ ಕ್ಷೇತ್ರಗಳಿಗೆ ಹಂಚಿಹೋಯಿತು. ಭಾವಚಿತ್ರವುಳ್ಳ ಇಂದಿನ ಪಟ್ಟಿಯನ್ನು ಬಿಡಿಸಿ ನೋಡಿದರೆ ಕ್ಷೇತ್ರ, ಭಾಗ, ವಿಭಾಗಗಳ ಹೆಸರುಗಳು ಪ್ರತಿ ಪುಟದ ತಲೆಯಲ್ಲಿ ಒಮ್ಮೆ ಇರುತ್ತವೆ; ಪ್ರತಿ ಮತದಾರನ ಚೌಕದಲ್ಲಿ ಅವು ಮತ್ತೆ ಬರುವುದಿಲ್ಲ. ಮನೆ ಸಂಖ್ಯೆ ಮಾತ್ರ ಪ್ರತಿ ಚೌಕದಲ್ಲಿಯೂ ಇರುತ್ತದೆ, ವಠಾರದ ಇಪ್ಪತ್ತು ಮಂದಿಗೂ ಅದೇ ಸಂಖ್ಯೆಯಾದರೂ. ಇದರ ಕಾರಣವನ್ನು ಮುಂದೆ ನೋಡಬಹುದು.

ಈಗ ಕ್ರಮವನ್ನು ವಿವರಿಸಬೇಕು. 41ನೆಯ ಕ್ರಮಸಂಖ್ಯೆಯ ದಾನಿ ಮೂರು ರಸೀತಿಗಳಲ್ಲಿ 1001, 501 ಮತ್ತು 501 ರೂಪಾಯಿಗಳನ್ನು ಕೊಟ್ಟಿದ್ದಾರೆಂದು ಭಾವಿಸೋಣ. ಮೊದಲು ಮಾಡಬೇಕಾದದ್ದು ಸಾಲುಗಳನ್ನು ಕ್ರಮದಲ್ಲಿ ನಿಲ್ಲಿಸುವುದು. ಆರ್ಡರ್ ಬೈ ಎಂಬ ಆದೇಶವನ್ನು ಸ್ಪಷ್ಟವಾಗಿ ಕೊಡದೆ ಹೋದರೆ ಸಾಲುಗಳು ಯಾವ ಕ್ರಮದಲ್ಲಿ ಬರುವುವೆಂಬ ಭರವಸೆಯಿಲ್ಲ. ಇಂದು ಒಟ್ಟಿಗೆ ಬಂದ ಮೂರು ರಸೀತಿಗಳು ನಾಳೆ ಚದುರಬಹುದು. ಅನಂತರ ಪ್ರತಿ ಸಾಲಿನ ದಾನಿಸಂಖ್ಯೆಯನ್ನು ಅದರ ಹಿಂದಿನ ಸಾಲಿನ ದಾನಿಸಂಖ್ಯೆಯೊಂದಿಗೆ ಹೋಲಿಸಬೇಕು. ಒಂದೇ ಆಗಿದ್ದರೆ ಹೆಸರಿನ ಸ್ಥಳವನ್ನು ಬರಿದು ಬಿಡುವುದು, ಬೇರೆಯಾಗಿದ್ದರೆ ಮುದ್ರಿಸುವುದು. ಆರಕಲ್ ಸಂಸ್ಥೆಯ ಎಸ್‌ಕ್ಯೂಎಲ್ ಪ್ಲಸ್‌ನಲ್ಲಿ ಬ್ರೇಕ್ ಆನ್ ಎಂಬ ಒಂದೇ ಆದೇಶ ಈ ಕೆಲಸವನ್ನು ಮಾಡುತ್ತದೆ. ಪ್ರಶ್ನೆಯೊಳಗೇ ಮಾಡಬೇಕೆಂದರೆ ಹಿಂದಿನ ಸಾಲನ್ನು ತಿರುಗಿ ನೋಡುವ ಲ್ಯಾಗ್ ಎಂಬ ಸಾಧನವಿದೆ. ಅದನ್ನು ಬಳಸುವವರು ಒಂದು ಎಚ್ಚರಿಕೆಯನ್ನು ಪಾಲಿಸಬೇಕು: ಬರಿದುಮಾಡಿದ ಅಂಕಣದ ಮೇಲೆಯೇ ಮತ್ತೆ ಕ್ರಮ ಹಾಕಿದರೆ ಬರಿಯ ಸಾಲುಗಳೆಲ್ಲ ಒಂದೆಡೆ ಗುಡ್ಡೆಯಾಗಿ, ಹೆಸರುಗಳೆಲ್ಲ ಇನ್ನೊಂದೆಡೆ ಸೇರುತ್ತವೆ. ಕ್ರಮವನ್ನು ಯಾವಾಗಲೂ ಮೂಲ ಸಂಖ್ಯೆಯ ಮೇಲೆಯೇ ಹಾಕಬೇಕು.

ಹೋಲಿಕೆ ಸಂಖ್ಯೆಯ ಮೇಲೆ ನಡೆಯಬೇಕೇ ಹೊರತು ಹೆಸರಿನ ಮೇಲಲ್ಲ ಎಂಬುದು ಇಡೀ ವಿಷಯದ ತಿರುಳು. ನಮ್ಮ ಕಡೆಯ ದಾನಿಗಳ ಪಟ್ಟಿಯಲ್ಲಿ ಬಸವರಾಜರೆಷ್ಟು ಮಂದಿ, ಶಿವಣ್ಣನವರೆಷ್ಟು ಮಂದಿ! ಅಕಾರಾದಿಯಲ್ಲಿ ಇಬ್ಬರು ಬಸವರಾಜರು ಅಕ್ಕಪಕ್ಕ ನಿಲ್ಲುತ್ತಾರೆ. ಯಂತ್ರ ಹೆಸರನ್ನಷ್ಟೇ ಹೋಲಿಸಿದರೆ ಎರಡನೆಯವರ ಹೆಸರು ಅಳಿಸಿಹೋಗಿ ಅವರ ಕಾಣಿಕೆ ಮೊದಲನೆಯವರ ಕೆಳಗೆ ಸೇರುತ್ತದೆ. ಗಿರಣಿಯ ಕೂಲಿಯಿಂದ ಉಳಿಸಿ 101 ರೂಪಾಯಿ ಕೊಟ್ಟವರ ಮನೆಯವರು ಸಂಚಿಕೆಯನ್ನು ತೆರೆದು ಹುಡುಕಿದಾಗ ಆ ಹೆಸರು ಸಿಗದೆ ಹೋದರೆ, ಅದು ಕೇವಲ ಅಚ್ಚಿನ ದೋಷವೆಂದು ಸಮಾಧಾನ ಹೇಳಲಾಗುವುದಿಲ್ಲ. ಇದಕ್ಕೆ ತದ್ವಿರುದ್ಧವಾದ ಅನರ್ಥವೂ ಇದೆ: ಒಬ್ಬರೇ ಒಂದು ಕಡೆ ಮಹದೇವಪ್ಪ, ಇನ್ನೊಂದು ಕಡೆ ಮಹಾದೇವಪ್ಪ ಎಂದು ದಾಖಲಾಗಿ ಇಬ್ಬರಾಗುತ್ತಾರೆ. ಇದನ್ನು ಮುದ್ರಣದ ಹಂತದಲ್ಲಿ ಸರಿಪಡಿಸಲಾಗದು. ದಾನಿಗಳ ಕೋಷ್ಟಕವನ್ನೇ ಶುದ್ಧಿಮಾಡಬೇಕು. ಗುಂಪಿನೊಳಗೆ ಗುಂಪು ಇದ್ದಾಗಲೂ ಇದೇ ಜಾಗರೂಕತೆ ಬೇಕು. ಒಂದು ಅಡ್ಡರಸ್ತೆಯ ಕೊನೆಯ ಮನೆ 12, ಮುಂದಿನ ರಸ್ತೆಯ ಪಟ್ಟಿಯ ಮೊದಲ ಮನೆಯೂ 12 ಆಗಿದ್ದರೆ, ರಸ್ತೆ ಬದಲಾದೊಡನೆ ಮನೆ ಸಂಖ್ಯೆಯನ್ನೂ ಹೊಸದಾಗಿ ಅಚ್ಚುಮಾಡಲೇಬೇಕು.

ಡಿಸ್ಟಿಂಕ್ಟ್ ಎಂಬ ಆದೇಶದಿಂದ ಪುನರುಕ್ತಿ ಹೋಗುವುದೆಂದು ಹಲವರು ನಂಬಿದ್ದಾರೆ. ಅದು ಅಂಕಣವನ್ನಲ್ಲ, ಇಡೀ ಸಾಲನ್ನೇ ಅಳಿಸುವ ಸಾಧನ. ಮೇಲಿನ ಉದಾಹರಣೆಯಲ್ಲಿ ಹೆಸರು, ಮೊಬಲಗು ಎರಡನ್ನೇ ಕೇಳಿ ಡಿಸ್ಟಿಂಕ್ಟ್ ಹಾಕಿದರೆ 501ರ ಒಂದು ಸಾಲು ಮಾಯವಾಗಿ 2003 ಇರಬೇಕಾದ ಮೊತ್ತ 1502ಕ್ಕೆ ಇಳಿಯುತ್ತದೆ. ಮೊತ್ತ ಏರುವ ಪ್ರಸಂಗವೂ ಇದೆ, ಲೆಕ್ಕಪರಿಶೋಧಕರನ್ನು ಹೆಚ್ಚು ಕಾಡುವುದು ಅದೇ. ಆ ದಾನಿಯ ಇಬ್ಬರು ಮಕ್ಕಳು ಹಳೆಯ ವಿದ್ಯಾರ್ಥಿಗಳಾಗಿದ್ದು, ಅವರ ಹೆಸರೂ ಇರಲೆಂದು ವಿದ್ಯಾರ್ಥಿಗಳ ಕೋಷ್ಟಕವನ್ನೂ ಅದೇ ಪ್ರಶ್ನೆಯಲ್ಲಿ ಕೂಡಿಸಿದರೆ ಮೂರು ರಸೀತಿ, ಇಬ್ಬರು ಮಕ್ಕಳು ಸೇರಿ ಆರು ಸಾಲುಗಳಾಗುತ್ತವೆ. ಮೊತ್ತ 4006. ಹೆಸರಿನ ಅಂಕಣವನ್ನು ಎಷ್ಟೇ ಅಂದವಾಗಿ ಬರಿದುಮಾಡಿದರೂ ಈ ಸುಳ್ಳು ಮೊತ್ತ ಕೆಳಗೆ ಕುಳಿತಿರುತ್ತದೆ. ರಸೀತಿಗಳ ಮೊತ್ತವನ್ನು ಮೊದಲೇ ಪ್ರತ್ಯೇಕವಾಗಿ ಕಟ್ಟಿ, ಮಕ್ಕಳ ಹೆಸರುಗಳನ್ನು ಬೇರೆಯಾಗಿ ಪೋಣಿಸಿ, ಆಮೇಲೆ ಎರಡನ್ನೂ ದಾನಿಯೊಂದಿಗೆ ಜೋಡಿಸುವುದೇ ದಾರಿ. ಪೋಣಿಸುವುದಕ್ಕೆ ಮೈಎಸ್‌ಕ್ಯೂಎಲ್‌ನಲ್ಲಿ ಗ್ರೂಪ್ ಕಾನ್‌ಕ್ಯಾಟ್, ಪೋಸ್ಟ್‌ಗ್ರೆಸ್‌ನಲ್ಲಿ ಸ್ಟ್ರಿಂಗ್ ಆಗ್ ಎಂಬ ಸೌಲಭ್ಯಗಳಿವೆ; ದಾನಿಗೆ ಒಂದೇ ಸಾಲು ಉಳಿದು, ಮಕ್ಕಳ ಹೆಸರುಗಳು ಅಲ್ಪವಿರಾಮಗಳೊಡನೆ ಒಂದೇ ಮನೆಯಲ್ಲಿ ನಿಲ್ಲುತ್ತವೆ. ಸಣ್ಣ ಪಟ್ಟಿಗಳಿಗೆ ಇದೇ ಲೇಸು. ಮಕ್ಕಳಿಲ್ಲದ, ಅಥವಾ ಮಕ್ಕಳು ಬೇರೆ ಶಾಲೆಯಲ್ಲಿ ಓದಿದ ದಾನಿಗಳು ಪಟ್ಟಿಯಿಂದ ಬಿದ್ದುಹೋಗದಂತೆ ಲೆಫ್ಟ್ ಜಾಯಿನ್ ಬಳಸಬೇಕೆಂಬುದನ್ನೂ ಮರೆಯಲಾಗದು.

ಬರಿದುಮಾಡುವ ಕೆಲಸ ಕಾಗದದ ಮೇಲೆ ಮಾತ್ರ ನಡೆಯಬೇಕು. ಮತದಾರರ ಚೌಕದಲ್ಲಿ ಮನೆ ಸಂಖ್ಯೆ ಮತ್ತೆ ಮತ್ತೆ ಬರುವುದು ಸರಿಯಾಗಿಯೇ ಇದೆ ಎನ್ನುವುದು ಇದರಿಂದ ತಿಳಿಯುತ್ತದೆ. ವಠಾರದ ಮೊದಲ ಮತದಾರ ಬೇರೆಡೆಗೆ ಹೋಗಿ ಆ ಹೆಸರು ರದ್ದಾದಾಗ, ಸಂಖ್ಯೆ ಆ ಚೌಕದಲ್ಲಷ್ಟೇ ಇದ್ದಿದ್ದರೆ ಉಳಿದವರು ಮನೆಯಿಲ್ಲದವರಾಗುತ್ತಿದ್ದರು. ಕಚೇರಿಯಿಂದ ಕಚೇರಿಗೆ ಸಾಗುವ ಎಕ್ಸೆಲ್ ಹಾಳೆಗಳಿಗೂ ಈ ಮಾತು ಅನ್ವಯಿಸುತ್ತದೆ. ಹೆಸರಿನ ಅಂಕಣ ಬರಿದಾಗಿರುವ ಹಾಳೆಯನ್ನು ಪಡೆದವರು ಅದನ್ನು ದಿನಾಂಕದ ಕ್ರಮಕ್ಕೆ ತಿರುಗಿಸಿದ ಕ್ಷಣವೇ, 501 ರೂಪಾಯಿಯ ಆ ಎರಡು ರಸೀತಿಗಳು ಬೇರಾವುದೋ ಹೆಸರಿನ ಕೆಳಗೆ ಹೋಗಿ ಕುಳಿತಿರುತ್ತವೆ. ಅಂಥ ಹಾಳೆಯಲ್ಲಿ ಪ್ರತಿ ಸಾಲಿಗೂ ಹೆಸರು ಪೂರ್ತಿಯಾಗಿ ಇರಲಿ. ಮುದ್ರಣಾಲಯಕ್ಕೆ ಹೋಗುವ ಪ್ರತಿಯಲ್ಲಿ ಮಾತ್ರ ಹೆಸರು ಒಮ್ಮೆ ಬಂದು, ಪುಟ ತಿರುಗಿದಾಗ ‘ಮುಂದುವರಿದುದು’ ಎಂಬ ಸೂಚನೆಯೊಡನೆ ಮತ್ತೊಮ್ಮೆ ಬರಲಿ.