ಮಳೆಯ ಲೆಕ್ಕ ಮತ್ತು ಗಣಕದ ಭಾಷೆ

ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ ಹುಟ್ಟಿದ ಮಲಪ್ರಭೆಯು ಕಿತ್ತೂರು, ಬೈಲಹೊಂಗಲ ಸೀಮೆಗಳನ್ನು ಹಾದು, ಸವದತ್ತಿಯ ಬಳಿ ನವಿಲುತೀರ್ಥದ ಅಣೆಕಟ್ಟಿನಲ್ಲಿ ತಂಗಿ, ಅಲ್ಲಿಂದ ರಾಮದುರ್ಗದತ್ತ ಸಾಗುತ್ತಾಳೆ. ಈ ನದಿಯ ಆಸುಪಾಸಿನ ರೈತನಿಗೆ ಮಳೆಯ ಮುನ್ಸೂಚನೆಯು ಕೇವಲ ಕುತೂಹಲದ ಮಾತಲ್ಲ. ಮುಂಗಾರು ಕೈಕೊಟ್ಟರೆ ಎರೆಹೊಲದಲ್ಲಿ ಬಿತ್ತಿದ ಹೆಸರು ಕಮರುತ್ತದೆ; ಅತಿಯಾದರೆ, 2019ರ ಆಗಸ್ಟಿನಲ್ಲಿ ಆದಂತೆ, ರಾಮದುರ್ಗದ ಮನೆಗಳಿಗೆ ಹೊಳೆಯ ನೀರು ನುಗ್ಗುತ್ತದೆ. ಹಿಂದೆ ರೋಹಿಣಿ, ಮೃಗಶಿರಾ ಎಂದು ಮಳೆಯ ನಕ್ಷತ್ರಗಳನ್ನು ಎಣಿಸುತ್ತಿದ್ದ ರೈತನು ಇಂದು ಹವಾಮಾನ ಇಲಾಖೆಯ ಮಾತಿಗೂ ಕಿವಿಗೊಡುತ್ತಾನೆ. ಆ ಮಾತು ಹುಟ್ಟುವುದು ಗಣಕಯಂತ್ರದಲ್ಲಿ ನಡೆಯುವ ಕೋಟ್ಯನುಕೋಟಿ ಲೆಕ್ಕಗಳಿಂದ.

ಗಣಕಯಂತ್ರವು ತಾನಾಗಿ ಏನನ್ನೂ ಅರಿಯದು. ಮಾಡಬೇಕಾದ ಲೆಕ್ಕವನ್ನು ಅದಕ್ಕೆ ಹೆಜ್ಜೆಹೆಜ್ಜೆಯಾಗಿ ಬರೆದುಕೊಡಬೇಕು. ಹೀಗೆ ಬರೆದ ಆದೇಶಗಳ ಮಾಲೆಯೇ ಕ್ರಮವಿಧಿ; ಅದನ್ನು ಬರೆಯಲು ಬಳಸುವ ಕಟ್ಟುನಿಟ್ಟಾದ ನುಡಿಯೇ ಗಣಕಭಾಷೆ. ಅಮೆರಿಕದ ಐ.ಬಿ.ಎಂ. ಸಂಸ್ಥೆಯಲ್ಲಿ ಜಾನ್ ಬ್ಯಾಕಸ್ ಮತ್ತು ಅವರ ಸಂಗಡಿಗರು ವಿಜ್ಞಾನದ ಲೆಕ್ಕಗಳಿಗೆಂದೇ ರಚಿಸಿದ ಫೋರ್ಟ್ರಾನ್ ಎಂಬ ಭಾಷೆಯು 1957ರಲ್ಲಿ ಬಳಕೆಗೆ ಬಂದಿತು. ‘ಸೂತ್ರಗಳ ಅನುವಾದ’ ಎಂಬುದೇ ಆ ಹೆಸರಿನ ಅರ್ಥ. ತರುವಾಯ ಸಿ, ಪೈಥಾನ್, ಜೂಲಿಯಾ ಮೊದಲಾದ ಎಷ್ಟೋ ಭಾಷೆಗಳು ಹುಟ್ಟಿದವು. ಆದರೂ ಜಗತ್ತಿನ ದೊಡ್ಡ ಹವಾಮಾನ ಕ್ರಮವಿಧಿಗಳಲ್ಲಿ ಬಹುಪಾಲು ಇಂದಿಗೂ ಫೋರ್ಟ್ರಾನಿನಲ್ಲಿಯೇ ಇವೆ. ದಿನದಿನವೂ ಹೊಸತನ್ನು ಅರಸುವ ವಿಜ್ಞಾನಿಗಳು ಹಳೆಯ ಭಾಷೆಯನ್ನು ಬಿಡಲೊಲ್ಲರೇಕೆ? ಇದು ಬರಿಯ ಹಟವೇ?

ಇದನ್ನು ತಿಳಿಯಲು ನಮ್ಮ ಪೇಟೆಯ ಒಂದು ಹಳೆಯ ಸಂಗತಿಯನ್ನು ನೆನೆಯೋಣ. 1957ರ ಏಪ್ರಿಲ್ 1ರಂದು ನಮ್ಮ ದೇಶದಲ್ಲಿ ದಶಮಾಂಶ ನಾಣ್ಯಪದ್ಧತಿ ಜಾರಿಗೆ ಬಂದಿತು. ಅದುವರೆಗೆ ರೂಪಾಯಿಗೆ 16 ಆಣೆ. ಅಂದಿನಿಂದ 100 ನಯಾಪೈಸೆ. ಹೊಸ ಲೆಕ್ಕ ಸುಲಭವೆಂಬುದರಲ್ಲಿ ಸಂದೇಹವಿರಲಿಲ್ಲ. ಆದರೆ ಒಂದು ಆಣೆಗೆ ಸರಿಯಾಗಿ ಆರೂಕಾಲು ಪೈಸೆ! ಕಾಲು ಪೈಸೆಯ ನಾಣ್ಯವಿಲ್ಲವಾಗಿ ಅದನ್ನು 6 ಪೈಸೆಯೆಂದೇ ಹಿಡಿಯಬೇಕಾಯಿತು. ಅಂಗಡಿಯ ಉದ್ದರಿ ವಹಿಯಲ್ಲಿ ಮೂರು ಬಾರಿ ಒಂದೊಂದು ಆಣೆ ಬರೆದಿದೆಯೆಂದು ತಿಳಿಯಿರಿ. ಒಂದೊಂದನ್ನೇ ಬದಲಿಸಿ ಕೂಡಿದರೆ 18 ಪೈಸೆ. ಮೊದಲು ಕೂಡಿ ಆಮೇಲೆ ಬದಲಿಸಿದರೆ ಹದಿನೆಂಟೂಮುಕ್ಕಾಲು, ಅಂದರೆ 19 ಪೈಸೆ. ಸಾಲ ಅದೇ, ಸಾಲಗಾರನೂ ಅವನೇ. ಲೆಕ್ಕದ ಕ್ರಮ ಬದಲಾದುದರಿಂದ ಮೊತ್ತವೇ ಬದಲಾಯಿತು. ನಮ್ಮ ಬಾಲ್ಯದಲ್ಲಿ, ಆಣೆ ಹೋಗಿ ಎಷ್ಟೋ ವರ್ಷಗಳಾದ ಮೇಲೂ, ಹಿರಿಯರು ‘ನಾಲ್ಕಾಣೆ’, ‘ಎಂಟಾಣೆ’ ಎಂದೇ ವ್ಯವಹರಿಸುತ್ತಿದ್ದರು. ಹಳೆಯ ಲೆಕ್ಕವೂ ಹೊಸ ಲೆಕ್ಕವೂ ಚೂರೂ ತಪ್ಪದೆ ಹೊಂದುತ್ತಿದ್ದುದು ಅಂತಹ ಮೊತ್ತಗಳಲ್ಲಿಯೇ.

ಗಣಕಯಂತ್ರದಲ್ಲಿಯೂ ಹೀಗೆಯೇ. ಅದು ಒಂದು ಸಂಖ್ಯೆಯ ಕೆಲವೇ ಅಂಕಿಗಳನ್ನು ನೆನಪಿಟ್ಟು ಉಳಿದವನ್ನು ಕೈಬಿಡುತ್ತದೆ. ಕ್ರಮವಿಧಿಯನ್ನು ಬೇರೆ ಭಾಷೆಗೆ ತಿರುಗಿಸಿದಾಗ ಲೆಕ್ಕದ ಕ್ರಮ ಅಲ್ಲಲ್ಲಿ ವ್ಯತ್ಯಾಸವಾಗಿ, ಉತ್ತರದ ಕೊನೆಯ ಅಂಕಿಗಳು ಬದಲಾಗಬಹುದು. ಇಷ್ಟು ಸಣ್ಣ ಅಂತರದಿಂದ ಏನಾದೀತು ಎನ್ನಬಾರದು. 1961ರಲ್ಲಿ ಅಮೆರಿಕದ ಹವಾಮಾನ ವಿಜ್ಞಾನಿ ಎಡ್ವರ್ಡ್ ಲೊರೆನ್ಸ್ ಅವರು ತಮ್ಮ ಲೆಕ್ಕವೊಂದನ್ನು ನಡುವಿನಿಂದ ಮತ್ತೆ ಆರಂಭಿಸುವಾಗ 0.506127 ಎಂಬುದರ ಬದಲು 0.506 ಎಂದಷ್ಟೇ ಕೊಟ್ಟರು. ಮೊದಮೊದಲು ಹಳೆಯ ಉತ್ತರದ ಜಾಡಿನಲ್ಲಿಯೇ ನಡೆದ ಹೊಸ ಉತ್ತರವು, ಲೆಕ್ಕದೊಳಗಿನ ಎರಡು ತಿಂಗಳು ಕಳೆಯುವಷ್ಟರಲ್ಲಿ ಸಂಪೂರ್ಣ ಬೇರೆಯಾದ ಹವೆಯನ್ನೇ ತೋರಿಸಿತು. ಆದುದರಿಂದ ಹೊಸ ಭಾಷೆಯ ಕ್ರಮವಿಧಿಯು ಬೇರೆ ಉತ್ತರ ಕೊಟ್ಟಾಗ, ಅದು ಬರೆದವರ ತಪ್ಪೋ, ಕೈಬಿಟ್ಟ ಅಂಕಿಗಳ ಫಲವೋ ಎಂದು ನಿರ್ಣಯಿಸುವುದು ಬಹು ಕಷ್ಟ. ಹಳೆಯ ಕ್ರಮವಿಧಿಯಾದರೋ ಹತ್ತಾರು ವರ್ಷಗಳ ನಿಜವಾದ ಮಳೆ-ಬಿಸಿಲುಗಳೊಡನೆ ತಾಳೆ ನೋಡಿ, ತಿದ್ದಿತಿದ್ದಿ ಪಕ್ವವಾದುದು.

ಬೇರೆ ಕಾರಣಗಳೂ ಇವೆ. ನಾಳಿನ ಮಳೆಯ ಲೆಕ್ಕ ಇಂದೇ ಮುಗಿಯಬೇಕು. ಅಂಕಿಗಳ ದೊಡ್ಡ ದೊಡ್ಡ ಕೋಷ್ಟಕಗಳನ್ನು ತ್ವರಿತವಾಗಿ ಗುಣಿಸಿ ಕೂಡುವುದರಲ್ಲಿ ಫೋರ್ಟ್ರಾನ್ ಇಂದಿಗೂ ಹಿಂದೆ ಬಿದ್ದಿಲ್ಲ. ಅಲ್ಲದೆ ವಿಜ್ಞಾನಿಯ ಗುರಿ ಮಳೆಯನ್ನು ಅರಿಯುವುದೇ ಹೊರತು ಭಾಷೆಯನ್ನು ಕಲಿಯುವುದಲ್ಲ.

ನಮ್ಮ ನಾಡಿನಲ್ಲಿಯೇ ಇದಕ್ಕೊಂದು ನಿದರ್ಶನವಿದೆ. ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯದಲ್ಲಿ 1986ರಲ್ಲಿ ‘ಫ್ಲೋಸಾಲ್ವರ್’ ಎಂಬ ಗಣಕಯಂತ್ರದ ಯೋಜನೆ ಆರಂಭವಾಯಿತು. ಲೆಕ್ಕವನ್ನು ಹಲವು ಭಾಗಗಳಾಗಿ ಹಂಚಿ ಏಕಕಾಲದಲ್ಲಿ ಮಾಡುವುದು ಅದರ ವೈಶಿಷ್ಟ್ಯ. ಗಾಳಿಯ ಹರಿವಿನ ಲೆಕ್ಕಕ್ಕಾಗಿ ಹುಟ್ಟಿದ ಆ ಯಂತ್ರವನ್ನು ಮುಂದೆ ಹವಾಮಾನದ ಮುನ್ಸೂಚನೆಗೂ ಅಳವಡಿಸಿದರು. 1990ರ ದಶಕದಲ್ಲಿ ಹವಾಮಾನದ ಹಳೆಯ ಕ್ರಮವಿಧಿಯನ್ನು ಪುನಾರಚಿಸುವಾಗ ಅಲ್ಲಿಯ ವಿಜ್ಞಾನಿಗಳು ಬೇರೆ ಭಾಷೆಗೆ ಹೋಗಲಿಲ್ಲ. ಫೋರ್ಟ್ರಾನಿನದೇ ಹೊಸ ರೂಪವಾದ ಫೋರ್ಟ್ರಾನ್ 90ನ್ನು ಬಳಸಿದರು. ಬುನಾದಿಯನ್ನು ಕೀಳದೆ ಮನೆಯನ್ನು ಹೊಸದು ಮಾಡಿದಂತಾಯಿತು.

ಹಾಗೆಂದು ಹಳೆಯದಕ್ಕೆ ಅಂಟಿಕೊಳ್ಳುವುದೇ ಜಾಣತನವಲ್ಲ. ನಮ್ಮ ಭಾಗದ ಹಳೆಯ ದಫ್ತರಗಳಲ್ಲಿರುವ ಮೋಡಿ ಲಿಪಿಯನ್ನು ಓದಬಲ್ಲವರು ಇಂದು ವಿರಳ. ಎಳೆಯರು ಕಲಿಯದೆ ಹೋದರೆ ಹಳೆಯ ಗಣಕಭಾಷೆಗೂ ಅದೇ ಗತಿ. ಒಳಗಿನ ತಪ್ಪನ್ನು ತಿದ್ದುವವರೇ ಇಲ್ಲವಾಗುತ್ತಾರೆ. ಸ್ವಿಟ್ಜರ್ಲೆಂಡಿನ ಹವಾಮಾನ ಸಂಸ್ಥೆಯು ಹೊಸ ಬಗೆಯ ಯಂತ್ರಗಳಿಗಾಗಿ ತನ್ನ ಕ್ರಮವಿಧಿಯ ಮುಖ್ಯಭಾಗವನ್ನು ಬೇರೆ ಭಾಷೆಯಲ್ಲಿ ಬರೆದು, 2016ರಲ್ಲಿ ದಿನಬಳಕೆಗೆ ತಂದಿತು. ಉಳಿದ ಭಾಗವನ್ನು ಫೋರ್ಟ್ರಾನಿನಲ್ಲಿಯೇ ಉಳಿಸಿಕೊಂಡಿತು. ಇಂದು ಪೈಥಾನಿನಲ್ಲಿ ಲೆಕ್ಕ ಬರೆಯುವ ತರುಣನಿಗೆ ಅರಿವಿಲ್ಲದೆಯೇ, ಒಳಗೆ ಅನೇಕ ವೇಳೆ ಫೋರ್ಟ್ರಾನಿನಲ್ಲಿ ರಚಿತವಾದ ‘ಲ್ಯಾಪ್ಯಾಕ್’ ಎಂಬ ಗಣಿತ ಭಂಡಾರ ದುಡಿಯುತ್ತಿರುತ್ತದೆ.

ಹಳೆಯದೆಂದು ತೊರೆಯುವುದೂ ಸಲ್ಲದು, ಹಳೆಯದೆಂದೇ ಪೂಜಿಸುವುದೂ ಸಲ್ಲದು. ಬದಲಾವಣೆಗೆ ಮುನ್ನ ಲೆಕ್ಕ ತಾಳೆಯಾಗುವುದೇ ಎಂದು ಕೇಳುವವನನ್ನು ಹಟಮಾರಿಯೆಂದು ಜರೆಯಬಾರದು. ಅವನ ಆ ಒಂದು ಪ್ರಶ್ನೆಯ ಹಿಂದೆ, ಮೋಡವನ್ನು ನೋಡುತ್ತ ಬೀಜದ ಚೀಲ ಹಿಡಿದು ನಿಂತ ರೈತನ ಹಿತವಿದೆ.

ಅಭ್ಯಾಸ
1. ಮೂರು ಆಣೆಯ ಲೆಕ್ಕ ಎರಡು ಬಗೆಯಾಗಿ ಬರಲು ಕಾರಣವೇನು?
2. ಲೊರೆನ್ಸ್ ಅವರ ಅನುಭವದಿಂದ ತಿಳಿದುಬಂದ ಸಂಗತಿ ಯಾವುದು?
3. ಹಳೆಯ ಗಣಕಭಾಷೆಯನ್ನು ಉಳಿಸಿಕೊಳ್ಳುವುದರ ಲಾಭ-ಹಾನಿಗಳನ್ನು ವಿವರಿಸಿರಿ.