ಕಲ್ಕುಡ–ಕಲ್ಲುರ್ಟಿ

ಕಲ್ಕುಡ ಮತ್ತು ಕಲ್ಲುರ್ಟಿ ತುಳುನಾಡಿನಲ್ಲಿ ಆರಾಧಿಸಲ್ಪಡುವ ಅಣ್ಣ-ತಂಗಿ ದೈವಗಳು. ಅನ್ಯಾಯಕ್ಕೆ ಒಳಗಾದವರು ದೈವಗಳಾಗಿ ಸೇಡು ತೀರಿಸಿಕೊಂಡ ಕಥನಗಳಲ್ಲಿ ಇವರದು ಪ್ರಸಿದ್ಧವಾದುದು. ಕಥೆಯ ಕೇಂದ್ರ ಉಡುಪಿ ಜಿಲ್ಲೆಯ ಕಾರ್ಕಳ.

ಪಾಡ್ದನದ ಕಥೆ

ಈ ಕಥೆಯು ತುಳು ಪಾಡ್ದನಗಳಲ್ಲಿ ಹಲವು ಪಾಠಾಂತರಗಳೊಂದಿಗೆ ಉಳಿದುಬಂದಿದೆ. ಶಿಲ್ಪಿ ಶಂಭು ಕಲ್ಕುಡನು ಗರ್ಭಿಣಿ ಹೆಂಡತಿಯನ್ನು ಬಿಟ್ಟು ಬೆಳ್ಗೊಳಕ್ಕೆ ಕೆಲಸಕ್ಕೆಂದು ಹೋದನು. ಮಗ ಬೀರನನ್ನು ಓರಗೆಯ ಹುಡುಗರು ತಂದೆಯಿಲ್ಲದವನೆಂದು ಹೀಯಾಳಿಸಿದರು. ಆ ಅವಮಾನವೇ ಅವನನ್ನು ತಂದೆಯ ಹುಡುಕಾಟಕ್ಕೆ ಹೊರಡಿಸಿತು. ಮುಂದೆ ಅವನು ಕಾರ್ಕಳದ ಭೈರರಸನಿಗಾಗಿ ಗೊಮ್ಮಟನನ್ನು ಕಡೆದನು. ಇಂತಹ ಮೂರ್ತಿ ಬೇರೆಲ್ಲಿಯೂ ಆಗಬಾರದೆಂದು ಅರಸನು ಅವನ ಎಡಗೈಯನ್ನೂ ಬಲಗಾಲನ್ನೂ ಕಡಿಸಿದನು. ಬೀರನು ಉಳಿದ ಒಂದು ಕೈ, ಒಂದು ಕಾಲಿನಿಂದಲೇ ವೇಣೂರಿನ ಗೊಮ್ಮಟನನ್ನು ಕಡೆದನು. ಅಣ್ಣನ ಸ್ಥಿತಿಯನ್ನು ಕಂಡು ಕಲ್ಲುರ್ಟಿ ಕನಲಿದಳು. ಇಬ್ಬರೂ ಮಾಯವಾಗಿ ದೈವಗಳಾದರು; ಅರಸನನ್ನೂ ಅವನ ಅರಮನೆಯನ್ನೂ ಕಾಡಿ ಸೇಡು ತೀರಿಸಿಕೊಂಡರು.

ಐತಿಹಾಸಿಕ ಹಿನ್ನೆಲೆ

ಕಾರ್ಕಳದ 42 ಅಡಿ ಎತ್ತರದ ಏಕಶಿಲಾ ಮೂರ್ತಿಯನ್ನು ವೀರಪಾಂಡ್ಯನು 1432ರ ಫೆಬ್ರವರಿ 13ರಂದು ಪ್ರತಿಷ್ಠಾಪಿಸಿದನು. ದಕ್ಷಿಣ ಕನ್ನಡ ಜಿಲ್ಲೆಯ ವೇಣೂರಿನ 35 ಅಡಿಯ ಮೂರ್ತಿ 1604ರದು. ಅದನ್ನು ನಿಲ್ಲಿಸಿದವನು ತಿಮ್ಮಣ್ಣ ಅಜಿಲ. ನಡುವಿನ ಅಂತರ 172 ವರ್ಷ. ಎರಡನ್ನೂ ಒಬ್ಬನೇ ಶಿಲ್ಪಿ ಕಡೆದಿರಲಾರನಾದುದರಿಂದ ಪಾಡ್ದನವನ್ನು ಯಥಾವತ್ತಾಗಿ ಚರಿತ್ರೆಯೆಂದು ಗ್ರಹಿಸಲಾಗದು. ಆದರೆ ಮೂರ್ತಿ ನಿಲ್ಲಿಸಿದ ಅರಸರ ಹೆಸರನ್ನು ಶಾಸನಗಳು ಕಾಯ್ದಿವೆ. ಕಲ್ಲು ಕಡೆದವನ ನೋವನ್ನು ಕಾಯ್ದಿರುವುದು ಪಾಡ್ದನ.

ಆರಾಧನೆ

ಕೋಲ, ನೇಮಗಳಲ್ಲಿ ಈ ದೈವಗಳನ್ನು ಪಾಡ್ದನ ಹಾಡಿ ಆರಾಧಿಸುತ್ತಾರೆ. ಅನ್ಯಾಯವಾದಾಗ ಭಕ್ತರು ದೈವದ ಮುಂದೆ ನಿಂತು ನ್ಯಾಯ ಬೇಡುತ್ತಾರೆ. ಅರಸನನ್ನೇ ಕೇಳಿದ ದೈವ ತಮ್ಮ ಮೊರೆಯನ್ನೂ ಕೇಳುವುದೆಂಬುದು ಅವರ ನಂಬಿಕೆ.